ಲ್ಯಾಪ್‌ಟಾಪಿನ ತಲೆಬಿಸಿ: ಲಿನಕ್ಸಲ್ಲಿ ಫ್ಯಾನ್ ಯಾರ ಮಾತು ಕೇಳ್ತದೆ?

ಮುಂಬಯಿ ಹತ್ರದ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದವರು ಮೇ ತಿಂಗಳ ಒಂದು ಭಾನುವಾರ ಇಟ್ಟ ಮಾತುಕತೆ ಇದು, ಮಾತಾಡಿದ್ದು ನಾನೇ. ರೆಕಾರ್ಡ್ ಆದದ್ದನ್ನ ಕೇಳ್ಕೊಂಡು ಟೈಪ್ ಮಾಡಿದ್ದೇನೆ, ಅಲ್ಲಲ್ಲಿ ಕತ್ತರಿ ಹಾಕಿದ್ದು ಬಿಟ್ರೆ ಮಾತು ಮಾತಿನ ಹಾಗೇ ಉಂಟು. ಕಮಾಂಡುಗಳನ್ನೂ ಅಲ್ಲಿ ಬಾಯಲ್ಲಿ ಹೇಳಿದ ಹಾಗೇ ಬರ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೈಕ್ ಬೇಡ ಅಂದದ್ದು ನಾನೇ, ಯಾಕಂದ್ರೆ ಈ ಟೇಬಲ್ ಮೇಲೆ ಇಟ್ಟ ಲ್ಯಾಪ್‌ಟಾಪ್ ಉಂಟಲ್ಲ, ಅದರ ಬೊಬ್ಬೆ ಹಿಂದಿನ ಸಾಲಿನವರಿಗೂ ಕೇಳ್ಬೇಕು. ಕೇಳ್ತದಾ? ಮೇಲೆ ತಿರುಗುವ ಸೀಲಿಂಗ್ ಫ್ಯಾನಿಗಿಂತ ಇದರದ್ದೇ ಜೋರು. ತಮಾಷೆ ಎಂತ ಅಂದ್ರೆ ಇದು ಈಗ ಒಂದು ಕೆಲಸವನ್ನೂ ಮಾಡ್ತಾ ಇಲ್ಲ, ಹತ್ತು ನಿಮಿಷದ ಹಿಂದೆ ಆನ್ ಮಾಡಿ ಇಟ್ಟದ್ದು ಅಷ್ಟೆ, ಬ್ರೌಸರ್ ಕೂಡ ತೆರೆದಿಲ್ಲ. ನಮ್ಮ ಬಳಗದ ಖಜಾಂಚಿಯವರ ಮಗನ ಲ್ಯಾಪ್‌ಟಾಪ್ ಇದು, ಒಳಗೆ ಇಂಟೆಲ್ ಐ5-7200ಯು, 2016ರಲ್ಲಿ ಬಂದ ಚಿಪ್ಪು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು, ವಿಂಡೋಸ್ 11ರ ಲಿಸ್ಟಲ್ಲಿ ಈ ಚಿಪ್ಪು ಇಲ್ಲ, ಹಾಗಾಗಿ ಹುಡುಗ ವಿಂಡೋಸಿನ ಬದಲು ಲಿನಕ್ಸ್ ಹಾಕಿದ, ಅದರಲ್ಲಿ ಉಬುಂಟು ಅನ್ನುವ ಬಗೆ. ಒಳ್ಳೆ ಕೆಲಸವೇ. ಆದ್ರೆ ವಾರ ಕಳಿಯುವಾಗ ನನಗೆ ಫೋನ್, "ಮಾಮ, ಲಿನಕ್ಸ್ ಹಾಕಿದ ಮೇಲೆ ಫ್ಯಾನ್ ನಿಲ್ಲುದೇ ಇಲ್ಲ, ಫ್ಯಾನ್ ಸ್ಪೀಡ್ ಕಮ್ಮಿ ಮಾಡುವ ಸಾಫ್ಟ್‌ವೇರ್ ಯಾವುದುಂಟು?"

ಸಾಫ್ಟ್‌ವೇರ್ ಉಂಟು. ಒಂದಲ್ಲ, ಆರೇಳು ಉಂಟು. ಆದ್ರೆ ಅದನ್ನ ನಾನು ಇವತ್ತು ಕೊನೆಗೇ ಹೇಳುದು, ಯಾಕೆ ಅಂತ ಹೇಳ್ತೇನೆ ಕೇಳಿ. ನಮ್ಮ ಅಪ್ಪ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಾ ಇದ್ದವರು, ರಜೆಯಲ್ಲಿ ನಾನು ಅಲ್ಲೇ ಬಿದ್ದಿರ್ತಿದ್ದೆ. ಅಲ್ಲಿ ಕಾವಲಿ ಮೇಲಿನ ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನ್, ಅದರ ಶಬ್ದಕ್ಕೆ ಗಿರಾಕಿ ಆರ್ಡರ್ ಹೇಳಿದ್ದು ಸಪ್ಲಾಯರಿಗೆ ಕೇಳ್ತಿರಲಿಲ್ಲ. ಒಂದು ದಿನ ಗಲ್ಲೆಯಲ್ಲಿ ಕೂತವರು ಬೈದು ಅದನ್ನ ಬಂದ್ ಮಾಡಿಸಿದ್ರು. ಹತ್ತು ನಿಮಿಷ ಆಗಿರ್ಲಿಲ್ಲ, ಮೆಣಸಿನ ಒಗ್ಗರಣೆಯ ಘಾಟು ಹೊರಗೆ ಬಂದು ಫ್ಯಾಮಿಲಿ ರೂಮಲ್ಲಿ ಕೂತವರೆಲ್ಲ ಕೆಮ್ಮಿಕೊಂಡು ಎದ್ದು ಹೋದ್ರು, ಬಿಲ್ ಕೊಟ್ರಾ ಇಲ್ವಾ ನನಗೆ ಗೊತ್ತಿಲ್ಲ. ಫ್ಯಾನಿನ ಮೇಲೆ ಸಿಟ್ಟು ಬಂದಾಗೆಲ್ಲ ನನಗೆ ಅದೇ ನೆನಪಾಗುದು.

ಹಾಗಾಗಿ ಮೊದಲು ಒಳಗೆ ಎಂತ ಬೇಯ್ತಾ ಉಂಟು ನೋಡುವ.

ಟರ್ಮಿನಲ್ ತೆಗೀತೇನೆ, ಕಮಾಂಡ್ ಟೈಪ್ ಮಾಡುವ ಕಿಟಕಿ ಅದು. ಬಿಸಿ ಅಳೆದು ತೋರಿಸುವ ಎಲ್‌ಎಂ-ಸೆನ್ಸರ್ಸ್ ಅಂತ ಒಂದು ಪ್ಯಾಕೇಜ್ ಉಂಟು, ಎಲ್ಲಾ ಡಿಸ್ಟ್ರೋದಲ್ಲೂ, ಅಂದ್ರೆ ಲಿನಕ್ಸಿನ ಎಲ್ಲಾ ಬಗೆಯಲ್ಲೂ, ಸಿಗ್ತದೆ. ಹಾಕಿದ ಮೇಲೆ ಒಂದ್ಸಲ ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಅದು ಹತ್ತಾರು ಪ್ರಶ್ನೆ ಕೇಳ್ತದೆ, ಸುಮ್ಮನೆ ಎಂಟರ್ ಒತ್ತುತ್ತಾ ಹೋಗಿ, ಅದು ತಾನಾಗಿ ಇಟ್ಟ ಉತ್ತರವೇ ಸೇಫ್. ಹುಷಾರಿ ತೋರಿಸ್ಲಿಕ್ಕೆ ಹೋಗಿ ಎಲ್ಲದಕ್ಕೂ ಯೆಸ್ ಯೆಸ್ ಹೊಡೀಬೇಡಿ. ಹಿಂದೆ ಕೆಲವು ಹಳೆ ಥಿಂಕ್‌ಪ್ಯಾಡ್ ಮಾಡೆಲ್‌ಗಳಲ್ಲಿ ಈ ತರ ಒಳಗಿನ ಚಿಪ್ಪುಗಳನ್ನ ಜೋಡಿಸುವ ತಂತಿ ದಾರಿ ತಡಕಾಡುವಾಗಲೇ ಇಇಪ್ರಾಮ್ ಅನ್ನುವ ಮೆಮೊರಿ ಚಿಪ್ಪು ಹಾಳಾಗಿ ಮೆಷಿನ್ನೇ ಬೂಟ್ ಆಗದ ಹಾಗೆ ಆದದ್ದುಂಟು. ಈಗ ಆ ಭಯ ಇಲ್ಲ, ಆದ್ರೂ ಹೇಳಿದೆ. ಆಮೇಲೆ ಬರೀ 'ಸೆನ್ಸರ್ಸ್' ಅಂತ ಹೊಡೆದ್ರೆ ಸಾಕು. ನೋಡಿ, ಕೋರ್‌ಟೆಂಪ್ ಅಂತ ಬಂತಲ್ಲ, ಅದು ಇಂಟೆಲ್ ಚಿಪ್ಪಿನ ಒಳಗಿನ ಸೆನ್ಸರಿನ ಡ್ರೈವರ್. ಎಎಂಡಿ ಆದ್ರೆ ಅಲ್ಲಿ ಕೆ10ಟೆಂಪ್ ಅಂತ ಬರ್ತದೆ. ಈಗ 71 ಡಿಗ್ರಿ ತೋರಿಸ್ತಾ ಉಂಟು. ಪಕ್ಕದಲ್ಲಿ ಹೈ 100, ಕ್ರಿಟಿಕಲ್ 100 ಅಂತ ಬರ್ದಿದೆ. ಇದೇ ನಂಬರನ್ನ ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಸಿಸ್ ಫೋಲ್ಡರಲ್ಲಿ ಫೈಲಾಗಿಯೂ ಇಡ್ತದೆ, ಅಲ್ಲಿ 71000 ಅಂತ ಕಾಣ್ತದೆ, ಗಾಬರಿ ಬೇಡ, ಅದು ಡಿಗ್ರಿಯ ಸಾವಿರದಲ್ಲಿ ಒಂದು ಭಾಗದ ಲೆಕ್ಕ.

71 ಅಂದ್ರೆ ಜಾಸ್ತಿಯಾ? ಚಿಪ್ಪಿಗೆ ಅದು ಎಂತದ್ದೂ ಅಲ್ಲ. ವಿಡಿಯೋ ಕನ್ವರ್ಟ್ ಮಾಡುವಾಗ 85 ಬಂದ್ರೂ ನಾನು ತಲೆ ಕೆಡಿಸ್ಕೊಳ್ಳುದಿಲ್ಲ. ಆದ್ರೆ ಖಾಲಿ ಕೂತಾಗ 71 ಅಂದ್ರೆ ಎಲ್ಲೋ ಲೆಕ್ಕ ತಪ್ಪಿದೆ. ಮನುಷ್ಯ ಓಡಿ ಬಂದು ಬೆವರಿದ್ರೆ ಸರಿ, ಮಲಗಿದಲ್ಲೇ ಬೆವರಿದ್ರೆ ಡಾಕ್ಟರ್ ಹತ್ರ ಹೋಗ್ಬೇಕಲ್ವಾ.

ಬೆವರು ಅಂದ ಕೂಡ್ಲೇ ಒಂದು ಮಾತು. ಈ ಹಾಲಲ್ಲಿ ಈಗ ನಾವೆಲ್ಲ ಒದ್ದೆ ಆಗಿದ್ದೇವೆ, ಮುಂಬಯಿ ಸೆಕೆ ಅಂದ್ರೆ ಹಾಗೆ, ಗಾಳಿಯಲ್ಲಿ ನೀರು ತುಂಬಿ ಬೆವರು ಆರುದೇ ಇಲ್ಲ. ಲ್ಯಾಪ್‌ಟಾಪ್ ಬೆವರುದಿಲ್ಲ ಮಾರಾಯ್ರೆ. ಅದಕ್ಕೆ ಬೇಕಾದ್ದು ಗಾಳಿಯ ಬಿಸಿ ಎಷ್ಟು ಅನ್ನುದು ಮಾತ್ರ, ತೇವ ಎಷ್ಟು ಅಂತ ಅಲ್ಲ. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 40ರ ಹತ್ರ ಒಣ ಬಿಸಿಲು ಇರ್ತದಲ್ಲ, ನಾವು ಅಲ್ಲಿಗೆ ಹೋಗಿ "ಆಹಾ ಸೆಕೆಯೇ ಇಲ್ಲ" ಅಂತೇವೆ, ಆದ್ರೆ ನಮ್ಮ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪಿಗೆ ಮುಂಬಯಿಯ 34 ಡಿಗ್ರಿಯೇ ಸುಖ. ಸುತ್ತಲಿನ ಗಾಳಿ ಆರು ಡಿಗ್ರಿ ಏರಿದ್ರೆ ಒಳಗೆ ಚಿಪ್ಪೂ ಅಂದಾಜು ಆರು ಡಿಗ್ರಿ ಏರಿಯೇ ಏರ್ತದೆ, ಅದನ್ನ ಯಾವ ಸಾಫ್ಟ್‌ವೇರೂ ತಪ್ಪಿಸ್ಲಿಕ್ಕೆ ಆಗುದಿಲ್ಲ.

ಸರಿ, ಬಿಸಿ ಬರುದು ಎಲ್ಲಿಂದ. ಚಿಪ್ಪು ತಿಂದ ಕರೆಂಟು ಪೂರ್ತಿ ಬಿಸಿಯಾಗಿಯೇ ಹೊರಗೆ ಬರ್ಬೇಕು, ಬೇರೆ ದಾರಿ ಇಲ್ಲ. ಈ ಚಿಪ್ಪಿನ ಲೆಕ್ಕ 15 ವ್ಯಾಟ್. 15 ವ್ಯಾಟ್ ಅಂದ್ರೆ ಎಷ್ಟು? ಹಳೆ ಕಾಲದಲ್ಲಿ ದೇವರ ಕೋಣೆಯಲ್ಲಿ ಕೆಂಪು ಜೀರೋ ಬಲ್ಬ್ ಇರ್ತಿತ್ತಲ್ಲ, ಹೆಸರಿಗೆ ಜೀರೋ, ನಿಜವಾಗಿ ಅದು 12-15 ವ್ಯಾಟ್ ತಿಂತಿತ್ತು. ಅದನ್ನ ಉರಿಯುವಾಗ ಬರಿಗೈಯಲ್ಲಿ ಹಿಡಿದವರಿಗೆ ಗೊತ್ತುಂಟು. ಅಷ್ಟು ಬಿಸಿ ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ ಬರ್ತದೆ ಅಂತ ನೆನಸಿ.

ಅದನ್ನ ಹೊರಗೆ ಹಾಕುದು ಹೀಟ್ ಪೈಪ್, ಚಪ್ಪಟೆ ಮಾಡಿದ ತಾಮ್ರದ ನಳಿಗೆ. ಬಿಚ್ಚಿ ನೋಡಿದವರು ಅದು ಗಟ್ಟಿ ತಾಮ್ರ ಅಂದುಕೊಳ್ತಾರೆ. ಅಲ್ಲ, ಒಳಗೆ ಟೊಳ್ಳು, ಗಾಳಿ ತೆಗೆದು ಒಂಚೂರು ದ್ರವ ಹಾಕಿ ಸೀಲ್ ಮಾಡಿರ್ತಾರೆ. ಇಡ್ಲಿ ಪಾತ್ರೆ ನೋಡಿದ್ದೀರಲ್ಲ, ಅಡಿಯಲ್ಲಿ ನೀರು ಕುದ್ದು ಹಬೆ ಮೇಲೆ ಹೋಗ್ತದೆ, ಮುಚ್ಚಳಕ್ಕೆ ತಾಗಿ ತಣಿದು ನೀರಾಗಿ ಪುನಃ ಕೆಳಗೆ ಬೀಳ್ತದೆ, ಮುಚ್ಚಳ ಮುಟ್ಟಿದ್ರೆ ಕೈ ಸುಡ್ತದೆ. ಇದೂ ಅದೇ. ಚಿಪ್ಪಿನ ಕಡೆ ದ್ರವ ಹಬೆಯಾಗ್ತದೆ, ಇನ್ನೊಂದು ತುದಿಯಲ್ಲಿ ತೆಳು ತಗಡಿನ ಸಾಲು ಉಂಟಲ್ಲ, ಫಿನ್ ಅಂತಾರೆ, ಅಲ್ಲಿ ಬಿಸಿ ಬಿಟ್ಟು ತಣಿದು, ಒಳಗೋಡೆಯ ಬತ್ತಿಯಂತ ಪದರ ಹಿಡ್ಕೊಂಡು ವಾಪಸ್ ಬರ್ತದೆ. ಫ್ಯಾನಿನ ಕೆಲಸ ಆ ತಗಡಿನ ಸಾಲಿಗೆ ಗಾಳಿ ಹೊಡೀಲಿಕ್ಕೆ, ಅಷ್ಟೇ. ತಗಡಿನ ಸಂದು ಕಟ್ಟಿಹೋದ್ರೆ ಫ್ಯಾನ್ ಎಷ್ಟು ತಿರುಗಿದ್ರೂ ಬಾಗಿಲು ಹಾಕಿದ ಕೋಣೆಯಲ್ಲಿ ಬೀಸಣಿಗೆ ಬೀಸಿದ ಹಾಗೆ.

ಈ ಲ್ಯಾಪ್‌ಟಾಪಲ್ಲಿ ಹಾಗಾಗಿದೆಯಾ ಅಂತ ಚಾ ಬ್ರೇಕಲ್ಲಿ ಬಿಚ್ಚಿ ನೋಡುವ. ಅದಕ್ಕೆ ಮೊದಲು ಖಾಲಿ ಕೂತ ಚಿಪ್ಪು ಯಾಕೆ ಇಷ್ಟು ತಿಂತಾ ಉಂಟು ನೋಡ್ಬೇಕು. 'ಟಾಪ್' ಹೊಡೀತೇನೆ, ಯಾವ ಪ್ರೋಗ್ರಾಂ ಚಿಪ್ಪನ್ನ ಎಷ್ಟು ದುಡಿಸ್ತದೆ ಅಂತ ತೋರಿಸುವ ಕಮಾಂಡ್. ನೋಡಿ, ಮೇಲ್ಗಡೆಯೇ ಕೆ-ವರ್ಕರ್ ಅಂತ ಒಂದು, ಒಂದು ಕೋರಿನ 90 ಪರ್ಸೆಂಟ್ ಹಿಡ್ಕೊಂಡು ಕೂತಿದೆ. ಇದು ಯಾವ ಅಪ್ಲಿಕೇಶನ್ನೂ ಅಲ್ಲ, ಕರ್ನಲ್ಲಿನ ಒಳಗಿನ ಆಳು. ಇದು ಬ್ರೌಸರ್ ಆಗಿದ್ರೆ ಬಂದ್ ಮಾಡಬಹುದಿತ್ತು, ಫೈಲ್ ಇಂಡೆಕ್ಸರ್ ಆಗಿದ್ರೆ, ಗ್ನೋಮ್ ಡೆಸ್ಕ್‌ಟಾಪಲ್ಲಿ ಟ್ರ್ಯಾಕರ್, ಹೊಸದರಲ್ಲಿ ಅದಕ್ಕೆ ಲೋಕಲ್‌ಸರ್ಚ್ ಅಂತ ಹೆಸರು, ಕೆಡಿಇ ಡೆಸ್ಕ್‌ಟಾಪಲ್ಲಿ ಬಾಲೂ, ಹೊಸ ಇನ್‌ಸ್ಟಾಲ್ ಆದ ಶುರುವಿಗೆ ಎಲ್ಲಾ ಫೈಲ್ ಓದಿ ಮುಗಿಸಿ ತನ್ನಷ್ಟಕ್ಕೇ ಸುಮ್ಮನಾಗ್ತದೆ. ಕೆ-ವರ್ಕರ್ ಹಾಗಲ್ಲ. ಇದಕ್ಕೆ ಯಾರೋ ಕೆಲಸ ಕೊಡ್ತಾ ಇದ್ದಾರೆ.

ಯಾರು? ಸಿಸ್ ಒಳಗೆ ಫರ್ಮ್‌ವೇರ್, ಅದರೊಳಗೆ ಎಸಿಪಿಐ, ಅದರೊಳಗೆ ಇಂಟರಪ್ಟ್ಸ್ ಅಂತ ಫೋಲ್ಡರ್. ಅಲ್ಲಿ ಜಿಪಿಇ ಅಂತ ಶುರುವಾಗುವ ಫೈಲುಗಳು ಸಾಲಾಗಿ ಉಂಟು, ಒಂದೊಂದೂ ಒಂದೊಂದು ಕಾಲಿಂಗ್ ಬೆಲ್ ಅಂತ ತಿಳ್ಕೊಳ್ಳಿ, ಲಿಡ್ ಮುಚ್ಚಿದ್ರೆ ಒಂದು, ಚಾರ್ಜರ್ ಹಾಕಿದ್ರೆ ಒಂದು, ಮದರ್‌ಬೋರ್ಡ್ ಕರ್ನಲ್ಲಿಗೆ ಬೆಲ್ ಹೊಡೀತದೆ. ಗ್ರೆಪ್ ಅನ್ನುವ ಕಮಾಂಡಲ್ಲಿ ಎಲ್ಲವನ್ನೂ ಒಟ್ಟಿಗೆ ತೆಗೆದು ತೋರಿಸ್ತೇನೆ. ಎಲ್ಲದರಲ್ಲೂ ಸೊನ್ನೆ, ಇಲ್ಲಾ ಹತ್ತಿಪ್ಪತ್ತು. ಇಲ್ಲಿ ನೋಡಿ, ಜಿಪಿಇ 6ಎಫ್, ಹತ್ತು ನಿಮಿಷದಲ್ಲಿ ಲಕ್ಷಗಟ್ಟಲೆ ಬೆಲ್. ಬಾಗಿಲಲ್ಲಿ ಯಾರೂ ಇಲ್ಲ, ಸ್ವಿಚ್ ಒಳಗೆ ಸಿಕ್ಕಿಹಾಕ್ಕೊಂಡಿದೆ. ಪಾಪ ಕೆ-ವರ್ಕರ್ ಪ್ರತಿ ಸಲ ಎದ್ದು ಹೋಗಿ ಬಾಗಿಲು ತೆಗೆದು ವಾಪಸ್ ಬರ್ತಾ ಉಂಟು. ಆ ಫೈಲಿಗೆ 'ಡಿಸೇಬಲ್' ಅಂತ ಬರೀತೇನೆ, ರೂಟ್ ಆಗಿ, ಅಂದ್ರೆ ಎಲ್ಲಾ ಅಧಿಕಾರ ಇರುವ ಯೂಸರ್ ಆಗಿ, ಬರೀಬೇಕು.

(ಇಲ್ಲಿ ರೆಕಾರ್ಡಿಂಗಲ್ಲಿ ಅರ್ಧ ನಿಮಿಷ ಮಾತಿಲ್ಲ. ಫ್ಯಾನಿನ ಶಬ್ದ ಇಳಿಯುದು ಮಾತ್ರ ಕೇಳ್ತದೆ, ಆಮೇಲೆ ಯಾರೋ ಚಪ್ಪಾಳೆ ಹೊಡೀತಾರೆ.)

ಚಪ್ಪಾಳೆ ಬೇಡ, ಇದು ಮಂತ್ರ ಅಲ್ಲ. ಈಗ 54. ಬೂಟ್ ಮಾಡಿದ್ರೆ ಪುನಃ ಶುರುವಾಗ್ತದೆ, ಹಾಗಾಗಿ ಬೂಟ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಸಿಸ್ಟಂಡಿಯಲ್ಲಿ ಒಂದು ಸಣ್ಣ ಸರ್ವಿಸ್ ಬರ್ದು ಇಡ್ಬೇಕು. ಆಮೇಲೆ ಯಾವ ಬೆಲ್ ಬಂದ್ ಮಾಡಿದ್ದೇವೆ ಅಂತ ಪರೀಕ್ಷೆ ಮಾಡ್ಬೇಕು, ಲಿಡ್ ಮುಚ್ಚಿದ್ರೆ ನಿದ್ದೆ ಹೋಗ್ತದಾ, ಬ್ರೈಟ್‌ನೆಸ್ ಕೀ ಕೆಲಸ ಮಾಡ್ತದಾ, ಬ್ಯಾಟರಿ ಪರ್ಸೆಂಟ್ ಬದಲಾಗ್ತದಾ, ಇದರಲ್ಲಿ ಯಾವುದಾದ್ರೂ ನಿಂತ್ರೆ ಈ ಉಪಾಯ ಬಿಟ್ಟು ಬಯಾಸ್, ಅಂದ್ರೆ ಮದರ್‌ಬೋರ್ಡಿನ ಒಳಗೇ ಇರುವ ಪ್ರೋಗ್ರಾಂ, ಅದರ ಅಪ್‌ಡೇಟ್ ಹುಡುಕ್ಬೇಕು. ಮತ್ತೆ ನಿಮ್ಮ ಲ್ಯಾಪ್‌ಟಾಪಲ್ಲಿ 6ಎಫ್ ಅಂತಲೇ ಇರ್ತದೆ ಅಂತಿಲ್ಲ, ನಂಬರ್ ನೋಡದೆ ಕಾಪಿ ಹೊಡೀಬೇಡಿ.

ಈಗ ನೋಡಿ, ಈ ಹುಡುಗ ಕೇಳಿದ ಹಾಗೆ ನಾನು ಮೊದಲೇ ಫ್ಯಾನ್ ಸ್ಪೀಡ್ ಇಳಿಸುವ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ರೆ? ಶಬ್ದ ನಿಲ್ತಿತ್ತು, ಕೆ-ವರ್ಕರ್ ನಿಲ್ತಿರಲಿಲ್ಲ. ಬ್ಯಾಟರಿ ಎರಡು ಗಂಟೆ ಬರುದು ಒಂದು ಗಂಟೆಗೆ ಮುಗೀತಿತ್ತು, ಅಡಿ ಸುಡ್ತಿತ್ತು, ಆರು ತಿಂಗಳು ಬಿಟ್ಟು "ಲಿನಕ್ಸ್ ಸರಿ ಇಲ್ಲ ಮಾಮ" ಅಂತಿದ್ದ.

ಲಿನಕ್ಸಲ್ಲೇ ಯಾಕೆ ಹೀಗಾಗ್ತದೆ ಅಂತ ಕೇಳುವವರು ಇದ್ದೀರಿ, ಮುಖ ನೋಡಿದ್ರೆ ಗೊತ್ತಾಗ್ತದೆ. ಕರ್ನಲ್ಲಿಗೂ ಮದರ್‌ಬೋರ್ಡಿಗೂ ನಡುವೆ ಒಂದು ಕರಾರು ಉಂಟು, ಎಸಿಪಿಐ ಅಂತ, ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರಲ್ಲಿ ಹೊರಗೆ ತಂದದ್ದು. ಲ್ಯಾಪ್‌ಟಾಪ್ ಮಾಡುವವ ತನ್ನ ಬಯಾಸಲ್ಲಿ ಈ ಕರಾರಿನ ಪ್ರಕಾರ ಸಣ್ಣ ಪ್ರೋಗ್ರಾಂ ಬರ್ದಿಡ್ತಾನೆ, ಅದನ್ನ ವಿಂಡೋಸ್, ಲಿನಕ್ಸ್, ಯಾವ ಓಎಸ್ ಬಂದ್ರೂ ಓಡಿಸ್ಬೇಕು. ಆದ್ರೆ ಅವ ಟೆಸ್ಟ್ ಮಾಡುದು ಹೆಚ್ಚಾಗಿ ವಿಂಡೋಸ್ ಮೇಲೆ ಮಾತ್ರ. ಆ ಪ್ರೋಗ್ರಾಂ "ನೀನು ಯಾರು?" ಅಂತ ಕೇಳ್ತದೆ, ಲಿನಕ್ಸ್ ಎಂತ ಹೇಳ್ತದೆ ಗೊತ್ತುಂಟಾ? "ವಿಂಡೋಸಾ?" ಅಂದ್ರೆ ಹೌದು ಅಂತದೆ, "ಲಿನಕ್ಸಾ?" ಅಂದ್ರೆ ಅಲ್ಲ ಅಂತದೆ! ಸತ್ಯ ಹೇಳಿದ್ರೆ ಯಾರೂ ಟೆಸ್ಟ್ ಮಾಡದ ಗಲ್ಲಿಗೆ ಕಳಿಸಿ ಬಿಡ್ತಾರೆ, ಸುಳ್ಳು ಹೇಳಿದ್ರೆ ದೊಡ್ಡ ರಸ್ತೆ ಸಿಗ್ತದೆ. ನಾವು ಇಲ್ಲಿ ಚಾಳಿನಲ್ಲಿ ರೂಮ್ ಹುಡುಕುವಾಗ ಊರು ಯಾವುದು ಅಂತ ಕೇಳಿದ್ರೆ ಸ್ವಲ್ಪ ತಿರುಚಿ ಹೇಳ್ತಿದ್ದೆವಲ್ಲ, ಹಾಗೆ. ಇಷ್ಟಾದ್ರೂ ಕೆಲವು ಕಡೆ ಎಡವಟ್ಟಾಗ್ತದೆ.

ಇನ್ನೆರಡು ಕಾರಣ ಬೇಗ ಹೇಳಿ ಬಿಡ್ತೇನೆ. ಎನ್‌ವಿಡಿಯಾ ಗ್ರಾಫಿಕ್ಸ್ ಬೇರೆಯಾಗಿ ಇದ್ರೆ ಅದು ಕೆಲಸ ಇಲ್ಲದಾಗಲೂ ಎಚ್ಚರ ಇರಬಹುದು, ಎನ್‌ವಿಡಿಯಾ-ಎಸ್‌ಎಂಐ ಹೊಡೆದು ನೋಡಿ, ಗೇಮ್ ಆಡದವರು ಪ್ರೈಮ್-ಸೆಲೆಕ್ಟ್ ಇಂಟೆಲ್ ಅಂತ ಹೊಡೆದು ಅದನ್ನ ಮಲಗಿಸಿ ಬಿಡಿ. ಮತ್ತೆ ವಿಡಿಯೋ. ಬ್ರೌಸರಲ್ಲಿ ಯಕ್ಷಗಾನ ನೋಡ್ತೀರಿ, ಅದನ್ನ ಬಿಡಿಸುವ ಕೆಲಸಕ್ಕೆ ಚಿಪ್ಪಲ್ಲಿ ಬೇರೆಯೇ ಒಂದು ಮೂಲೆ ಉಂಟು, ತುಂಬ ಕಮ್ಮಿ ಕರೆಂಟಲ್ಲಿ ಮಾಡ್ತದೆ, ಡ್ರೈವರ್ ಸರಿ ಇಲ್ಲದಿದ್ರೆ ಅದೇ ಕೆಲಸ ಸಿಪಿಯು ಮೈಮೇಲೆ ಬೀಳ್ತದೆ. ವಿಎ-ಇನ್ಫೋ ಅಂತ ಕಮಾಂಡ್ ಓಡಿಸಿ, ಅದು ಎರರ್ ಕೊಟ್ರೆ ನಿಮ್ಮ ಫ್ಯಾನ್ ಯಾಕೆ ಚೆಂಡೆ ಬಾರಿಸ್ತದೆ ಅಂತ ಗೊತ್ತಾಯ್ತು.

ಈಗ ಟರ್ಬೋ, ಅಂದ್ರೆ ಕೆಲಸ ಬಂದಾಗ ಚಿಪ್ಪು ಮೂಲ ವೇಗ ಮೀರಿ ಓಡುದು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಲಾಭದ ವಿಷಯ, ಸ್ವಲ್ಪ ಲೆಕ್ಕ ಉಂಟು, ತಡ್ಕೊಳ್ಳಿ. ಈ ಚಿಪ್ಪಿನ ಮೂಲ ವೇಗ 2.5 ಗಿಗಾಹರ್ಟ್ಸ್, ಟರ್ಬೋದಲ್ಲಿ 3.1. ವೇಗ 24 ಪರ್ಸೆಂಟ್ ಹೆಚ್ಚು. ಬಿಸಿಯೂ 24 ಪರ್ಸೆಂಟ್ ಹೆಚ್ಚಾದ್ರೆ ನ್ಯಾಯ ಇತ್ತು, ಆದ್ರೆ ವೇಗ ಏರಿಸ್ಲಿಕ್ಕೆ ವೋಲ್ಟೇಜೂ ಏರಿಸ್ಬೇಕು, ಮತ್ತೆ ಪವರ್ ಅನ್ನುದು ವೋಲ್ಟೇಜಿನ ವರ್ಗಕ್ಕೆ ಏರ್ತದೆ. ಲೆಕ್ಕಕ್ಕೆ ವೋಲ್ಟೇಜ್ 20 ಪರ್ಸೆಂಟ್ ಏರಿತು ಅಂತಿಟ್ಕೊಳ್ಳಿ, 1.2ರ ವರ್ಗ 1.44, ಅದಕ್ಕೆ ವೇಗದ 1.24 ಗುಣಿಸಿದ್ರೆ ಹತ್ರ ಹತ್ರ 1.8 ಪಟ್ಟು ಬಿಸಿ. ಕಾಲು ಪಾಲು ವೇಗಕ್ಕೆ ಮುಕ್ಕಾಲು ಪಾಲು ಹೆಚ್ಚು ಉರಿ! ದಾದರ್‌ನಿಂದ ಡೊಂಬಿವಲಿಗೆ ಫಾಸ್ಟ್ ಲೋಕಲ್ ಬಿಟ್ಟು ಟ್ಯಾಕ್ಸಿ ಮಾಡಿದ ಹಾಗೆ, ಹಣ ಮಾತ್ರ ಹೋಗುದು. ಇಂಟೆಲ್ಲಲ್ಲಿ ಸಿಸ್ ಫೋಲ್ಡರ್ ಒಳಗೆ ಇಂಟೆಲ್ ಪಿ-ಸ್ಟೇಟ್ ಅನ್ನುವಲ್ಲಿ ನೋ-ಟರ್ಬೋ ಅಂತ ಫೈಲ್ ಉಂಟು, ಅದಕ್ಕೆ 1 ಬರ್ದ್ರೆ ಟರ್ಬೋ ಬಂದ್. ಬೇರೆ ಡ್ರೈವರ್ ಇರುವಲ್ಲಿ ಸಿಪಿಯು-ಫ್ರೀಕ್ ಒಳಗೆ ಬೂಸ್ಟ್ ಅಂತ ಫೈಲ್, ಅದಕ್ಕೆ 0. ಕೆಲಸ ಭಾರದ್ದು ಬಂದಾಗ ವಾಪಸ್ ಹಾಕಿ. ಟೈಪಿಂಗ್, ಮೇಲ್, ಬ್ಯಾಂಕಿನ ಸೈಟ್, ಇದಕ್ಕೆಲ್ಲ ಟರ್ಬೋ ಇದ್ದದ್ದೂ ಇಲ್ಲದ್ದೂ ನನಗಂತೂ ಗೊತ್ತೇ ಆಗಿಲ್ಲ.

ಇಷ್ಟು ಕೈಯಲ್ಲಿ ಮಾಡ್ಲಿಕ್ಕೆ ಉದಾಸೀನ ಆದವರಿಗೆ ಮೇಲೆ ಬಲಗಡೆ ಮೆನುವಿನಲ್ಲಿ ಪವರ್ ಸೇವರ್, ಬ್ಯಾಲೆನ್ಸ್ಡ್ ಅಂತ ಇರ್ತದಲ್ಲ, ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಬರೀ ಸಿಪಿಯುಗೆ ಹೇಳುದಲ್ಲ, ಪ್ಲಾಟ್‌ಫಾರ್ಮ್ ಪ್ರೊಫೈಲ್ ಅಂತ 2021ರಿಂದ ಕರ್ನಲ್ಲಲ್ಲಿ ಬಂದಿದೆ, ಅದರ ಮೂಲಕ ಮದರ್‌ಬೋರ್ಡಿನ ಒಳಗಿನ ಪ್ರೋಗ್ರಾಂ, ಅಂದ್ರೆ ಫರ್ಮ್‌ವೇರಿಗೂ "ಇವತ್ತು ಗಲಾಟೆ ಬೇಡ" ಅಂತ ಸುದ್ದಿ ಹೋಗ್ತದೆ, ಫ್ಯಾನಿನ ನಡತೆಯೂ ಬದಲಾಗ್ತದೆ. ಟಿಎಲ್‌ಪಿ ಅಂತ ಕರೆಂಟ್ ಉಳಿಸುವ ಇನ್ನೊಂದು ಪ್ರೋಗ್ರಾಂ ಉಂಟು, ಒಳ್ಳೆದೇ, ಆದ್ರೆ ಅದು ಮತ್ತು ಆ ಮೆನುವಿನ ಹಿಂದೆ ಕೆಲಸ ಮಾಡುವ ಪವರ್ ಪ್ರೊಫೈಲ್ಸ್ ಡೀಮನ್ ಎರಡನ್ನೂ ಒಟ್ಟಿಗೆ ಇಡ್ಬೇಡಿ, ಒಂದು ಕಾವಲಿಗೆ ಇಬ್ಬರು ಭಟ್ರು ಆದ್ರೆ ದೋಸೆ ಯಾರದ್ದೂ ಏಳುದಿಲ್ಲ. ಇಂಟೆಲ್ ಆದ್ರೆ ಥರ್ಮಲ್‌ಡಿ ಇರಲಿ, ಅದು ಚಿಪ್ಪು ಕೆಂಡ ಆಗುವ ಮೊದಲೇ ಪವರ್ ತಗ್ಗಿಸ್ತದೆ.

ಸರಿ, ಈಗ ಫ್ಯಾನ್.

ಫ್ಯಾನ್ ತಿರುಗಿಸುದು ಲಿನಕ್ಸ್ ಅಲ್ಲ. ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಮದರ್‌ಬೋರ್ಡಲ್ಲಿ ಎಂಬೆಡೆಡ್ ಕಂಟ್ರೋಲರ್ ಅಂತ ಒಂದು ಪುಟ್ಟ ಚಿಪ್ಪು, ಇಸಿ ಅಂತಾರೆ, ಅದಕ್ಕೆ ಅದರದ್ದೇ ಪ್ರೋಗ್ರಾಂ. ಕೀಬೋರ್ಡು, ಚಾರ್ಜಿಂಗು, ಫ್ಯಾನು ಎಲ್ಲ ಸಾಧಾರಣವಾಗಿ ಅದರ ಉಸ್ತುವಾರಿ. ನಿಮ್ಮ ಲಿನಕ್ಸ್ ಹ್ಯಾಂಗ್ ಆಗಿ ಬಿದ್ರೂ ಇಸಿ ಬಿಸಿ ನೋಡ್ಕೊಂಡು ಫ್ಯಾನ್ ತಿರುಗಿಸ್ತಾ ಇರ್ತದೆ. ಮನೆಯಲ್ಲಿ ಯಜಮಾನ ಮಲಗಿದ್ರೂ ಅಡುಗೆ ಆಗ್ತದಲ್ಲ. ನಾವು ಫ್ಯಾನ್ ಕಂಟ್ರೋಲ್ ತಗೊಳ್ಳುದು ಅಂದ್ರೆ ಆ ಇಸಿ ಕೈಯಿಂದ ಸೌಟು ಕಿತ್ಕೊಳ್ಳುದು. ಕಿತ್ಕೊಂಡ ಮೇಲೆ ಒಲೆ ಬಿಟ್ಟು ಏಳ್ಬಾರ್ದು.

ನಾನು ಎದ್ದಿದ್ದೆ. ನನ್ನ ಹತ್ರ ಒಂದು ಹಳೆ ಥಿಂಕ್‌ಪ್ಯಾಡ್ ಇತ್ತು, ಥಿಂಕ್‌ಪ್ಯಾಡಲ್ಲಿ ಇದು ಸುಲಭ, ಥಿಂಕ್‌ಪ್ಯಾಡ್-ಎಸಿಪಿಐ ಅನ್ನುವ ಡ್ರೈವರ್ ಮಾಡ್ಯೂಲಿಗೆ ಫ್ಯಾನ್-ಕಂಟ್ರೋಲ್ 1 ಅಂತ ಕೊಟ್ರೆ ಪ್ರಾಕ್ ಒಳಗೆ ಎಸಿಪಿಐ, ಐಬಿಎಂ, ಫ್ಯಾನ್ ಅಂತ ಒಂದು ಫೈಲಿಗೆ ಬರೀಬಹುದು, ಲೆವೆಲ್ 0ಯಿಂದ 7ರವರೆಗೆ, ಇಲ್ಲಾ ಆಟೋ. ರಾತ್ರಿ ಭೀಮಸೇನ ಜೋಶಿಯವರ ಹಾಡು ಹಾಕ್ಕೊಂಡಿದ್ದೆ, ನಿಧಾನ ಆಲಾಪದ ನಡುವೆ ಫ್ಯಾನು ಸುಂಯ್ ಅಂತ ಬಂದು ಕಿರಿಕಿರಿ ಮಾಡ್ತು, ಲೆವೆಲ್ 0 ಅಂತ ಬರ್ದೆ. ಆಹಾ ಏನು ಶಾಂತಿ. ಹಾಡು ಮುಗೀತು, ಮದುವೆ ವಿಡಿಯೋ ಒಂದನ್ನ ಕನ್ವರ್ಟ್ ಮಾಡ್ಲಿಕ್ಕೆ ಹಾಕಿ ಮಲಗಿದೆ, ಆಟೋ ಅಂತ ವಾಪಸ್ ಬರೀಲಿಕ್ಕೆ ಮರ್ತೇ ಹೋಯ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಲ್ಯಾಪ್‌ಟಾಪ್ ಆಫ್, ಅಡಿಯಲ್ಲಿ ಹಾಸಿದ ಟೇಬಲ್ ಕ್ಲಾತಿನ ಪ್ಲಾಸ್ಟಿಕ್ ಅಂಟಂಟು. ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ಕರ್ನಲ್ ಲಾಗ್ ತೆಗೆದ್ರೆ ಕೊನೆ ಸಾಲುಗಳಲ್ಲಿ ಬರ್ದಿತ್ತು, ಬಿಸಿ ಕ್ರಿಟಿಕಲ್ ಮುಟ್ಟಿದೆ, ಶಟ್‌ಡೌನ್ ಮಾಡ್ತಾ ಇದ್ದೇನೆ ಅಂತ. ಕರ್ನಲ್ ಉಳಿಸಿತು, ನಾನಲ್ಲ.

ಆ ಫೈಲಿಗೇ ವಾಚ್‌ಡಾಗ್ ಅಂತ ಒಂದು ಆದೇಶ ಉಂಟು, ವಾಚ್‌ಡಾಗ್ 120 ಅಂತ ಬರ್ದ್ರೆ, ಎರಡು ನಿಮಿಷ ನಮ್ಮಿಂದ ಹೊಸ ಮಾತು ಬರದಿದ್ರೆ ಡ್ರೈವರ್ ಫ್ಯಾನನ್ನ ತಾನೇ ಸುರಕ್ಷಿತ ಸ್ಥಿತಿಗೆ ತರ್ತದೆ. ತಾನಾಗಿ ಅದು ಆನ್ ಇರುದಿಲ್ಲ, ನಾವೇ ಹಾಕ್ಬೇಕು. ಥಿಂಕ್‌ಫ್ಯಾನ್ ಅನ್ನುವ ಪ್ರೋಗ್ರಾಂ ಹಾಕಿದ್ರೆ ಅದು ಇದನ್ನೆಲ್ಲ ನೋಡ್ಕೊಳ್ತದೆ, ಇಷ್ಟು ಡಿಗ್ರಿಗೆ ಇಷ್ಟು ಲೆವೆಲ್ ಅಂತ ಟೇಬಲ್ ಬರ್ದು ಕೊಟ್ರೆ ಸಾಕು. ಟೇಬಲ್ ಬರೀವಾಗ ಏರುವ ಡಿಗ್ರಿ ಮತ್ತೆ ಇಳಿಯುವ ಡಿಗ್ರಿ ನಡುವೆ ನಾಲ್ಕೈದು ಡಿಗ್ರಿ ಅಂತರ ಇಡಿ, ಇಲ್ಲದಿದ್ರೆ 60ರಲ್ಲಿ ಏರಿ 59ರಲ್ಲಿ ಇಳಿದು ಪುನಃ 60ರಲ್ಲಿ ಏರಿ, ಒಂದೇ ಸಮನೆ ಶಬ್ದ ಇದ್ರೂ ಅಭ್ಯಾಸ ಆಗ್ತದೆ, ಏರಿಳಿತ ಇದ್ರೆ ಹುಚ್ಚು ಹಿಡೀತದೆ.

ಬೇರೆ ಲ್ಯಾಪ್‌ಟಾಪಿನವರು ಪಿಡಬ್ಲ್ಯುಎಂ-ಕಾನ್ಫಿಗ್ ಓಡಿಸಿ ನೋಡಿ, ಪಿಡಬ್ಲ್ಯುಎಂ ಅಂದ್ರೆ ಫ್ಯಾನಿನ ಕರೆಂಟನ್ನ ಬೇಗಬೇಗ ಆನ್-ಆಫ್ ಮಾಡಿ ವೇಗ ಹಿಡಿತಕ್ಕೆ ತರುದು, ಎಲ್‌ಎಂ-ಸೆನ್ಸರ್ಸ್ ಬಳಗದ್ದೇ ಅದು, ಫ್ಯಾನ್‌ಕಂಟ್ರೋಲ್ ಅನ್ನುವ ಸರ್ವಿಸ್ ಜೊತೆ ಬರ್ತದೆ. 0 ಅಂದ್ರೆ ನಿಂತದ್ದು, 255 ಅಂದ್ರೆ ಪೂರ್ತಿ. ಡೆಸ್ಕ್‌ಟಾಪಲ್ಲಿ ಚೆನ್ನಾಗಿ ನಡೀತದೆ. ಲ್ಯಾಪ್‌ಟಾಪಲ್ಲಿ ಹೆಚ್ಚಿನ ಸಲ ನಿಮ್ಮಲ್ಲಿ ಪಿಡಬ್ಲ್ಯುಎಂ ಮಾಡುವ ಮಾಡ್ಯೂಲೇ ಇಲ್ಲ ಅಂತ ಹೇಳಿ ಕೈಯೆತ್ತಿ ಬಿಡ್ತದೆ, ಅಂದ್ರೆ ಇಸಿ ಸೌಟು ಬಿಡುದಿಲ್ಲ ಅಂತ ಅರ್ಥ, ನಿಮ್ಮ ತಪ್ಪಲ್ಲ. ಇನ್ನೊಂದು, ಸಿಸ್ ಫೋಲ್ಡರಲ್ಲಿ ಸೆನ್ಸರುಗಳಿಗೆ ಎಚ್‌ಡಬ್ಲ್ಯುಮಾನ್ 2, 3 ಅಂತ ನಂಬರ್ ಇರ್ತದಲ್ಲ, ಅದು ಬೂಟಿನಿಂದ ಬೂಟಿಗೆ ಬದಲಾಗಬಹುದು, ಇವತ್ತು 2 ಆಗಿದ್ದ ಸಿಪಿಯು ಸೆನ್ಸರ್ ನಾಳೆ 4. ಆಗ ಫ್ಯಾನ್‌ಕಂಟ್ರೋಲ್ ಕಾನ್ಫಿಗ್ ಹಳತಾಗಿದೆ ಅಂತ ಸ್ಟಾರ್ಟೇ ಆಗುದಿಲ್ಲ, ಒಳ್ಳೆದೇ ಮಾಡ್ತದೆ. ಕೈಯಲ್ಲಿ ಬರ್ದ ಸ್ಕ್ರಿಪ್ಟ್ ಆದ್ರೆ ಹಾಗೆ ನಿಲ್ಲುದಿಲ್ಲ, ವೈಫೈ ಕಾರ್ಡಿನ ಬಿಸಿ ನೋಡ್ಕೊಂಡು ಸಿಪಿಯು ಫ್ಯಾನ್ ತಿರುಗಿಸ್ತಾ ಕೂರ್ತದೆ! ಹಾಗಾಗಿ ನಂಬರಲ್ಲ, ಹೆಸರು ನೋಡಿ ಹುಡುಕಿ.

ಡೆಲ್ಲಿನವರಿಗೆ ಡೆಲ್-ಎಸ್‌ಎಂಎಂ ಡ್ರೈವರ್ ಉಂಟು, ಕೆಲವು ಮಾಡೆಲಲ್ಲಿ ನಾವು ಇಳಿಸಿದ್ದನ್ನ ಬಯಾಸ್ ಕೂಡ್ಲೇ ಏರಿಸ್ತದೆ. ಇಂಟೆಲ್ ಚಿಪ್ಪಿನ ಮ್ಯಾಕ್‌ಬುಕ್ ಮೇಲೆ ಲಿನಕ್ಸ್ ಹಾಕಿದವರಿಗೆ ಎಂಬಿಪಿ-ಫ್ಯಾನ್. ಉಳಿದವರಿಗೆ ಎನ್‌ಬಿಎಫ್‌ಸಿ-ಲಿನಕ್ಸ್, ಇದು ಇಸಿಯ ಒಳಗಿನ ಖಾನೆಗಳಿಗೇ (ರಿಜಿಸ್ಟರ್ ಅಂತಾರೆ) ನೇರ ಬರೀತದೆ, ಒಂದೊಂದು ಮಾಡೆಲಿಗೆ ಒಂದೊಂದು ಕಾನ್ಫಿಗ್ ಫೈಲ್. ನಿಮ್ಮ ಮಾಡೆಲ್ ಲಿಸ್ಟಲ್ಲಿ ಇದ್ರೆ ಮಾತ್ರ ಕೈ ಹಾಕಿ. "ನನ್ನದು 15, ಅದು 14, ಹೆಚ್ಚುಕಮ್ಮಿ ಒಂದೇ ಅಲ್ವಾ" ಅಂತ ಹಾಕಿದವರ ಕೀಬೋರ್ಡ್ ನಿಂತದ್ದನ್ನ ನಾನು ನೋಡಿದ್ದೇನೆ, ಅದೇ ಇಸಿ ಕೀಬೋರ್ಡೂ ನೋಡುದಲ್ವಾ, ಪವರ್ ಪೂರ್ತಿ ತೆಗೆದು ಹಾಕಿದ ಮೇಲೆ ಸರಿಯಾಯ್ತು, ಪುಣ್ಯ.

ಚಾ ಬಂತು, ಐದು ನಿಮಿಷ.

(ಚಾ ಕುಡಿಯುವಾಗ ನಾವು ಲ್ಯಾಪ್‌ಟಾಪ್ ಬಿಚ್ಚಿದೆವು. ಬ್ಯಾಟರಿ ಕನೆಕ್ಟರ್ ಮೊದಲು ತೆಗೆದೆ. ಫ್ಯಾನಿನ ನಾಲ್ಕು ಸ್ಕ್ರೂ ತೆಗೆದು ಎತ್ತಿದಾಗ, ಫ್ಯಾನಿಗೂ ತಗಡಿನ ಸಾಲಿಗೂ ನಡುವೆ ಬೂದು ಬಣ್ಣದ ಒಂದು ಪಟ್ಟಿ ನಿಂತಿತ್ತು, ಕಂಬಳಿ ತುಂಡಿನ ಹಾಗೆ, ಚಿಮಟದಲ್ಲಿ ಹಿಡಿದು ಎಳೆದ್ರೆ ಇಡಿಯಾಗಿಯೇ ಬಂತು. ಹತ್ತಿ ನೂಲು, ಕೂದಲು, ಅಗರಬತ್ತಿಯ ಮಸಿ, ಮೂಸಿ ನೋಡಿದ್ರೆ ಸಣ್ಣಗೆ ಒಗ್ಗರಣೆ ಎಣ್ಣೆ ವಾಸನೆ. ಹುಡುಗನ ಅಮ್ಮ ಪಕ್ಕದಲ್ಲೇ ನಿಂತಿದ್ರು, "ಅಯ್ಯೋ, ಅವ ಅಡುಗೆಮನೆ ಕಟ್ಟೆ ಮೇಲೇ ಇಟ್ಕೊಂಡು ಓದುದು, ಇನ್ನೆಲ್ಲಿ ಜಾಗ ಉಂಟು ನಮ್ಮ ಮನೆಯಲ್ಲಿ" ಅಂದ್ರು. ಅದೂ ಸರಿಯೇ. ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಂಡು ಬ್ಲೋವರ್ ಹೊಡೆದೆ, ಹಿಡೀದೆ ಹೊಡೆದ್ರೆ ಗಾಳಿಗೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗ್ತದೆ. ಚಿಪ್ಪಿನ ಬಿಸಿಯನ್ನ ತಾಮ್ರಕ್ಕೆ ದಾಟಿಸ್ಲಿಕ್ಕೆ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಲ್ಯಾಮಿಂಗ್ಟನ್ ರೋಡಿಂದ ತಂದಿದ್ದ ಟ್ಯೂಬಿನಿಂದ ಉದ್ದಿನ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದೆ.)

ಬನ್ನಿ, ಪ್ರಶ್ನೆಗಳು.

ಹಿಂದೆ ಕೂತ ಕಾಕಾ ಕೇಳ್ತಾ ಇದ್ದಾರೆ, ಅಡಿಯಲ್ಲಿ ಇಡುವ ಕೂಲಿಂಗ್ ಪ್ಯಾಡ್ ತಗೊಂಡ್ರೆ ಹೇಗೆ ಅಂತ. ಕಾಕಾ, ನಿಮ್ಮ ಲ್ಯಾಪ್‌ಟಾಪ್ ಗಾಳಿ ಎಳಿಯುದು ಅಡಿಯಿಂದಲಾ ನೋಡಿ ಮೊದಲು. ಅಡಿಯಿಂದ ಆದ್ರೆ ಹಿಂದಿನ ಎರಡು ಮೂಲೆಗೆ ಎರಡು ಬಾಟ್ಲಿ ಮುಚ್ಚಳ ಇಟ್ಟು ಎತ್ತರಿಸಿ, ಅದರಲ್ಲೇ ಕೆಲವು ಡಿಗ್ರಿ ಇಳೀತದೆ, ಖರ್ಚಿಲ್ಲ. ಹಾಸಿಗೆ ಮೇಲೆ ಮಾತ್ರ ಇಡ್ಬೇಡಿ.

ಥರ್ಮಲ್ ಪೇಸ್ಟಿನ ಬದಲು ಟೂತ್‌ಪೇಸ್ಟ್ ಹಾಕಬಹುದಾ ಅಂತ ಯಾರೋ ಕೇಳಿದ್ರು, ನಗಬೇಡಿ, ಹಾಕಿದವರಿದ್ದಾರೆ. ಎರಡು ದಿನ ಕೆಲಸ ಮಾಡ್ತದೆ, ನೀರು ಆರಿದ ಮೇಲೆ ಗೋಡೆ ಆಗ್ತದೆ.

ಅಂಡರ್‌ವೋಲ್ಟ್. ಇದು ಗೊತ್ತಿದ್ದವರ ಪ್ರಶ್ನೆ. ವೇಗ ಅಷ್ಟೇ ಇಟ್ಟು ವೋಲ್ಟೇಜ್ ಮಾತ್ರ ಇಳಿಸುದು, ನಾನು ಲೆಕ್ಕ ಹೇಳಿದ್ದೆನಲ್ಲ, ವರ್ಗದ ಲಾಭ ಪೂರ್ತಿ ಸಿಗ್ತದೆ. ಇಂಟೆಲ್-ಅಂಡರ್‌ವೋಲ್ಟ್ ಅಂತ ಟೂಲೇ ಉಂಟು. ಆದ್ರೆ 2019ರ ಡಿಸೆಂಬರಲ್ಲಿ ಪ್ಲಂಡರ್‌ವೋಲ್ಟ್ ಅಂತ ಒಂದು ಲೋಪ ಹೊರಗೆ ಬಂತು, ವೋಲ್ಟೇಜ್ ಇಳಿಸಿ ಚಿಪ್ಪಿಗೆ ಲೆಕ್ಕ ತಪ್ಪಿಸಿ ಗುಟ್ಟು ಕದಿಯುದು. ಅದಾದ ಮೇಲೆ ಬಯಾಸ್ ಅಪ್‌ಡೇಟಲ್ಲಿ ತುಂಬಾ ಕಡೆ ಆ ಬಾಗಿಲಿಗೆ ಬೀಗ ಬಿತ್ತು. ನಿಮ್ಮದು ತೆರೆದಿದ್ರೆ ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಚಿಪ್ಪಿಗೆ ಭಾರ ಹಾಕಿ ಪರೀಕ್ಷಿಸುವ ಸ್ಟ್ರೆಸ್-ಎನ್‌ಜಿ ಓಡಿಸಿ, ಹ್ಯಾಂಗ್ ಆದ್ರೆ ಎರಡು ಹೆಜ್ಜೆ ಹಿಂದೆ.

ರಿಪೇರಿ ಅಂಗಡಿಯವರು ಫ್ಯಾನೇ ಬದಲಿಸ್ಬೇಕು ಅಂದ್ರು ಅಂತ ಅಕ್ಕ ಹೇಳ್ತಾ ಇದ್ದಾರೆ. ಅಕ್ಕ, ಫ್ಯಾನ್ ಕರಕರ ಅಂತದಾ, ಬರೀ ಜೋರು ಗಾಳಿ ಶಬ್ದವಾ? ಕರಕರ ಅಂದ್ರೆ ಬೇರಿಂಗ್ ಹೋಗಿದೆ, ಬದಲಿಸ್ಲೇ ಬೇಕು. ಗಾಳಿ ಶಬ್ದ ಆದ್ರೆ ಫ್ಯಾನ್ ಗಟ್ಟಿಮುಟ್ಟು ಉಂಟು, ದಾರಿ ಕಟ್ಟಿದೆ, ಮೊದಲು ಕಂಬಳಿ ತೆಗೆಸಿ.

ಈಗ ಇದನ್ನ ಆನ್ ಮಾಡುವ. ಬೆಲ್ ಬಂದ್ ಮಾಡುವ ಸರ್ವಿಸ್ ಹಾಕಿದ್ದೇನೆ, ಟರ್ಬೋ ಹಾಗೇ ಇದೆ, ಫ್ಯಾನಿನ ಸಾಫ್ಟ್‌ವೇರ್ ಒಂದೂ ಹಾಕಿಲ್ಲ. ಸೆನ್ಸರ್ಸ್. 46. ಫ್ಯಾನ್ ಆರ್‌ಪಿಎಂ ಇದರಲ್ಲಿ ತೋರಿಸುದಿಲ್ಲ, ಇಸಿ ಹೇಳುದಿಲ್ಲ, ಹಾಗಾಗಿ ನೀನೇ ಬಾ ಮಾರಾಯ, ಬಾ ಇಲ್ಲಿ, ಕಿವಿ ಇಟ್ಟು ಕೇಳು. ತಿರುಗ್ತಾ ಉಂಟಾ?

"ಮಾಮ, ಸೀಲಿಂಗ್ ಫ್ಯಾನ್ ಬಂದ್ ಮಾಡಿ, ಕೇಳುದಿಲ್ಲ."